ಬಿದಿರಬುಟ್ಟಿಯ ಕಣ್ಣು ಮತ್ತು ಕಾಂತಗಳ ಇಕ್ಕಟ್ಟು

ಇಳಕಲ್ಲಿನ ಕುಣಿಮಗ್ಗದ ಮುಂದೆ ಬೆಳೆದವರಿಗೆ ಹಾಸು ಮತ್ತು ಹೊಕ್ಕು ಎಂಬ ಮಾತುಗಳನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಉದ್ದಕ್ಕೆ ಎಳೆದು ಕಟ್ಟಿದ ನೂಲು ಹಾಸು. ಲಾಳಿಯ ಜೊತೆಗೆ ಅಡ್ಡಡ್ಡ ಓಡಾಡುವ ನೂಲು ಹೊಕ್ಕು. ಸಾದಾ ನೇಯ್ಗೆಯಲ್ಲಿ ಹೊಕ್ಕಿನ ಎಳೆ ಒಂದು ಹಾಸಿನ ಮೇಲೆ ಹಾದರೆ ಮುಂದಿನ ಹಾಸಿನ ಕೆಳಗೆ ನುಸುಳುತ್ತದೆ, ಅದರಾಚೆಯದರ ಮೇಲೆ ಮತ್ತೆ ಏರುತ್ತದೆ. ಮರುಸಾಲಿನಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ‘ಮೇಲೆ’ ಮತ್ತು ‘ಕೆಳಗೆ’ ಎಂಬ ಎರಡೇ ಸ್ಥಿತಿಗಳು ಚದುರಂಗದ ಮಣೆಯ ಕಪ್ಪುಬಿಳುಪು ಮನೆಗಳ ಹಾಗೆ ಒಂದು ಬಿಟ್ಟು ಒಂದು ಕೂತಿರುವುದು ಕಾಣುತ್ತದೆ. ಬಾಗಲಕೋಟೆ ಸೀಮೆಯ ಸಂತೆಗಳಲ್ಲಿ ಇದಕ್ಕಿಂತ ಬೇರೆಯಾದ ಇನ್ನೊಂದು ಹೆಣಿಗೆಯನ್ನೂ ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಕೋಳಿಗಳನ್ನು ಮುಚ್ಚಿಡಲು ಮೇದಾರರು ಹೆಣೆಯುವ ಬಿದಿರಬುಟ್ಟಿಯಲ್ಲಿ ದಬ್ಬೆಗಳು ಎರಡು ದಿಕ್ಕಿಗಲ್ಲ, ಮೂರು ದಿಕ್ಕಿಗೆ ಓಡುತ್ತವೆ. ನಡುನಡುವೆ ಆರು ಮೂಲೆಯ ದೊಡ್ಡ ಕಣ್ಣುಗಳು ಬಿಡುತ್ತವೆ, ಪ್ರತಿ ಕಣ್ಣಿನ ಸುತ್ತ ಆರು ಪುಟ್ಟ ತ್ರಿಕೋನಗಳು ನಿಲ್ಲುತ್ತವೆ.

ಪದವಿ ತರಗತಿಗಳಿಗೆ ಭೌತಶಾಸ್ತ್ರ ಕಲಿಸುವ ನನಗೆ ಈ ಎರಡು ಹೆಣಿಗೆಗಳ ಅಂತರದಷ್ಟು ಸಲೀಸಾಗಿ ಇಂದಿನ ಕಾಂತಶಾಸ್ತ್ರದ ಒಂದು ಮುಖ್ಯ ಸಂಗತಿಯನ್ನು ವಿವರಿಸುವ ಬೇರೆ ಸಾಧನ ಸಿಕ್ಕಿಲ್ಲ. ಒಂದು ಹರಳಿನೊಳಗಿನ ಪರಮಾಣುಗಳು ಯಾವುವು, ಅವು ಎಷ್ಟು ಬಲವಾಗಿ ಒಂದನ್ನೊಂದು ಎಳೆಯುತ್ತವೆ ಎಂಬುದು ಗೊತ್ತಾದರೆ ಸಾಲದು. ಅವು ಚೌಕದ ಮೂಲೆಗಳಲ್ಲಿ ಕೂತಿವೆಯೋ, ತ್ರಿಕೋನದ ಮೂಲೆಗಳಲ್ಲಿ ಕೂತಿವೆಯೋ, ಆ ತ್ರಿಕೋನಗಳು ಪರಸ್ಪರ ಹೇಗೆ ಕೂಡಿಕೊಂಡಿವೆ ಎಂಬುದೇ ಆ ಹರಳು ಯಾವ ಬಗೆಯ ಕಾಂತವಾಗುತ್ತದೆ ಅಥವಾ ಆಗುವುದೇ ಇಲ್ಲ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಪರಮಾಣುಗಳ ಈ ಕೂರುವ ಚೌಕಟ್ಟಿಗೆ ಜಾಲಕ ಎಂದು ಹೆಸರು.

ಮೊದಲು ಕಾಂತತ್ವ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು. ಪ್ರತಿಯೊಂದು ಎಲೆಕ್ಟ್ರಾನಿಗೂ ವಿದ್ಯುದಂಶದ ಜೊತೆಗೆ ಸ್ಪಿನ್ ಎಂಬ ಗುಣವಿದ್ದು, ಅದರಿಂದಾಗಿ ಅದು ಅತಿ ಸಣ್ಣ ಕಾಂತಸೂಜಿಯ ಹಾಗೆ ವರ್ತಿಸುತ್ತದೆ. ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಮೊದಲಾದ ಧಾತುಗಳ ಅಯಾನುಗಳಲ್ಲಿ ಒಳಗಿನ ಕೆಲವು ಎಲೆಕ್ಟ್ರಾನುಗಳು ಜೋಡಿಯಿಲ್ಲದೆ ಉಳಿಯುವುದರಿಂದ ಇಡೀ ಪರಮಾಣುವಿಗೇ ಒಂದು ದಿಕ್ಕು ಬರುತ್ತದೆ. ಅದನ್ನು ನಾವು ಬಾಣದ ಗುರುತಿನಿಂದ ತೋರಿಸುತ್ತೇವೆ. ಎರಡು ನೆರೆಯ ಬಾಣಗಳು ಒಂದನ್ನೊಂದು ತಿರುಗಿಸುವುದು ಸಾಮಾನ್ಯ ಕಾಂತಬಲದಿಂದ ಎಂದು ಅನೇಕರು ತಿಳಿಯುತ್ತಾರೆ, ಆದರೆ ಅದು ಸರಿಯಲ್ಲ. ಪರಮಾಣುಗಳ ನಡುವಿನ ಆ ಬಲ ಬಹಳ ಕ್ಷೀಣವಾದದ್ದು, ಹೆಚ್ಚೆಂದರೆ ಕೆಲ್ವಿನ್ ಮಾಪನದಲ್ಲಿ ಒಂದು ಡಿಗ್ರಿಯ ಆಸುಪಾಸಿನಲ್ಲಿ ಕ್ರಮ ತರಬಲ್ಲದು. ಕಬ್ಬಿಣವಾದರೋ 1043 ಕೆಲ್ವಿನ್‌ವರೆಗೆ, ಅಂದರೆ 770 ಡಿಗ್ರಿ ಸೆಲ್ಸಿಯಸ್‌ವರೆಗೆ ತನ್ನ ಕಾಂತತ್ವವನ್ನು ಕಳೆದುಕೊಳ್ಳುವುದಿಲ್ಲ. ನಿಜವಾದ ಕಾರಣ ಎಲೆಕ್ಟ್ರಾನುಗಳ ನಡುವಿನ ವಿದ್ಯುತ್ ವಿಕರ್ಷಣೆ ಮತ್ತು ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನುಗಳು ಇರಲಾಗದು ಎಂಬ ಪೌಲಿಯ ನಿಯಮ, ಇವೆರಡೂ ಕೂಡಿ ಉಂಟುಮಾಡುವ ವಿನಿಮಯ ಕ್ರಿಯೆ.

ಈ ವಿನಿಮಯ ಕ್ರಿಯೆಯಲ್ಲಿಯೇ ರೇಖಾಗಣಿತ ಮೊದಲ ಹೆಜ್ಜೆ ಇಡುತ್ತದೆ. ಆಕ್ಸೈಡುಗಳಂಥ ಹರಳುಗಳಲ್ಲಿ ಎರಡು ಲೋಹದ ಅಯಾನುಗಳ ನಡುವೆ ಒಂದು ಆಮ್ಲಜನಕದ ಅಯಾನು ಕೂತಿರುತ್ತದೆ ಮತ್ತು ಲೋಹಗಳ ಮಾತುಕತೆ ಅದರ ಮೂಲಕವೇ ನಡೆಯುತ್ತದೆ. ಲೋಹ, ಆಮ್ಲಜನಕ, ಲೋಹ ಈ ಮೂರೂ ಒಂದೇ ನೇರದಲ್ಲಿದ್ದರೆ ಸಾಮಾನ್ಯವಾಗಿ ಎರಡು ಲೋಹಗಳ ಬಾಣಗಳು ಎದುರುಬದುರು ನಿಲ್ಲಲು ಬಲವಾಗಿ ಬಯಸುತ್ತವೆ. ನಡುವಿನ ಕೋನ 90 ಡಿಗ್ರಿಗೆ ಬಾಗಿದರೆ ಆ ಬಯಕೆ ಕುಗ್ಗಿ, ಅನೇಕ ವೇಳೆ ಒಂದೇ ದಿಕ್ಕಿಗೆ ನಿಲ್ಲುವ ಮೆಲುವಾದ ಒಲವಾಗಿ ಬದಲಾಗುತ್ತದೆ. 1950ರ ದಶಕದಲ್ಲಿ ಗುಡಿನಫ್ ಮತ್ತು ಕನಮೋರಿ ಇದನ್ನು ನಿಯಮಗಳಾಗಿ ರೂಪಿಸಿದರು. ಧಾತು ಅದೇ, ಅಯಾನು ಅದೇ. ಬಂಧದ ಕೋನವೊಂದು ಬದಲಾದರೆ ಗೆಳೆತನ ವಿರೋಧವಾಗುತ್ತದೆ ಎಂಬುದನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ನೆರೆಯವರೆಲ್ಲ ಒಂದೇ ದಿಕ್ಕಿಗೆ ನಿಲ್ಲಲು ಬಯಸಿದರೆ ಫೆರೋಕಾಂತ ಹುಟ್ಟುತ್ತದೆ. ಮನೆಯಲ್ಲಿ ನಾವು ಬಳಸುವ ಅಯಸ್ಕಾಂತ ಅದೇ. ಪ್ರತಿ ಬಾಣವೂ ನೆರೆಯದಕ್ಕೆ ಎದುರಾಗಿ ನಿಲ್ಲಲು ಬಯಸಿದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು 1930ರ ದಶಕದಲ್ಲಿ ಕೈಗೆತ್ತಿಕೊಂಡವರು ಫ್ರಾನ್ಸಿನ ಲೂಯಿ ನೀಲ್. ಒಂದು ಬಿಟ್ಟು ಒಂದು ಪರಮಾಣು ಮೇಲ್ಮುಖವಾಗಿ, ಉಳಿದವು ಕೆಳಮುಖವಾಗಿ ನಿಲ್ಲುತ್ತವೆ, ಹೊರಗಿನಿಂದ ನೋಡಿದರೆ ಕಾಂತತ್ವವೇ ಇಲ್ಲದಂತೆ ಕಾಣುತ್ತದೆ, ಒಳಗೆ ಮಾತ್ರ ಕಟ್ಟುನಿಟ್ಟಾದ ಕ್ರಮವಿರುತ್ತದೆ ಎಂದು ಅವರು ಹೇಳಿದರು. ಇದೇ ಪ್ರತಿಫೆರೋಕಾಂತ. ಹೊರಗೆ ಸುಳಿವು ಕೊಡದ ಈ ಕ್ರಮವನ್ನು ಕಣ್ಣಿಗೆ ತೋರಿಸಿದ್ದು ನ್ಯೂಟ್ರಾನುಗಳು. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ, ಸ್ಪಿನ್ ಇದೆ. ಆದ್ದರಿಂದ ಅದು ಹರಳಿನೊಳಗೆ ಹೊಕ್ಕು ಪರಮಾಣುಗಳ ಬಾಣಗಳಿಗೆ ತಾಗಿ ಚದುರುತ್ತದೆ, ಮತ್ತು ಚದುರಿದ ಕಿರಣಗಳ ವಿನ್ಯಾಸದಿಂದ ಬಾಣಗಳ ಜೋಡಣೆಯನ್ನು ಓದಬಹುದು. 1949ರಲ್ಲಿ ಕ್ಲಿಫರ್ಡ್ ಶಲ್ ಮತ್ತು ಅವರ ಸಹೋದ್ಯೋಗಿ ಸ್ಮಾರ್ಟ್ ಮ್ಯಾಂಗನೀಸ್ ಆಕ್ಸೈಡಿನಲ್ಲಿ ನೀಲ್ ಹೇಳಿದ ಕ್ರಮವನ್ನು ಹೀಗೆ ಪತ್ತೆಹಚ್ಚಿದರು. ನೀಲ್ ಅವರಿಗೆ 1970ರಲ್ಲಿ, ಶಲ್ ಅವರಿಗೆ 1994ರಲ್ಲಿ ನೊಬೆಲ್ ಬಂದಿತು. ನಮ್ಮ ದೇಶದಲ್ಲಿಯೂ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ಈ ಬಗೆಯ ನ್ಯೂಟ್ರಾನ್ ಪ್ರಯೋಗಗಳು ನಡೆಯುತ್ತವೆ.

ಚೌಕದ ಜಾಲಕದಲ್ಲಿ ನೀಲ್ ಕ್ರಮ ಯಾವ ತೊಡಕೂ ಇಲ್ಲದೆ ಕೂಡುತ್ತದೆ. ಇಳಕಲ್ ಸೀರೆಯ ಒಡಲಿನ ಸಾದಾ ನೇಯ್ಗೆಯಲ್ಲಿ ‘ಮೇಲೆ’ಗೆ ನಾಲ್ಕೂ ಕಡೆ ‘ಕೆಳಗೆ’ಯೇ ನೆರೆಯಾಗಿರುವಂತೆ, ಪ್ರತಿ ಮೇಲ್ಬಾಣಕ್ಕೂ ನಾಲ್ಕು ಕೆಳಬಾಣಗಳು ಸುತ್ತುವರಿದಿರುತ್ತವೆ. ಪ್ರತಿಯೊಬ್ಬರ ಬಯಕೆಯೂ ಈಡೇರಿದೆ. ಇದು ಸಾಧ್ಯವಾದದ್ದು ಚೌಕದ ಜಾಲಕದಲ್ಲಿ ಎಲ್ಲಿಂದ ಹೊರಟು ಹೇಗೆ ಸುತ್ತಿ ಬಂದರೂ ಸಮಸಂಖ್ಯೆಯ ಹೆಜ್ಜೆಗಳಲ್ಲಿಯೇ ಹೊರಟ ಜಾಗಕ್ಕೆ ಮರಳುತ್ತೇವೆ ಎಂಬ ಒಂದೇ ಕಾರಣದಿಂದ. ನಾಲ್ಕು, ಆರು, ಎಂಟು ಹೆಜ್ಜೆಗಳಾದರೆ ಮೇಲೆಕೆಳಗೆ ಎಂದು ಎಣಿಸುತ್ತ ಬಂದವನಿಗೆ ಕೊನೆಯಲ್ಲಿ ಲೆಕ್ಕ ತಪ್ಪುವುದಿಲ್ಲ.

ತ್ರಿಕೋನದಲ್ಲಿ ಮೂರೇ ಹೆಜ್ಜೆ. ಮೊದಲ ಮೂಲೆಯಲ್ಲಿ ಮೇಲ್ಬಾಣವನ್ನೂ ಎರಡನೆಯದರಲ್ಲಿ ಕೆಳಬಾಣವನ್ನೂ ಇಟ್ಟ ಮೇಲೆ ಮೂರನೆಯದು ಏನು ಮಾಡಬೇಕು? ಮೇಲಕ್ಕೆ ತಿರುಗಿದರೆ ಮೊದಲನೆಯದರೊಂದಿಗೆ ವಿರಸ, ಕೆಳಕ್ಕೆ ತಿರುಗಿದರೆ ಎರಡನೆಯದರೊಂದಿಗೆ ವಿರಸ. ಮೂರು ಬಂಧಗಳಲ್ಲಿ ಒಂದು ಯಾವಾಗಲೂ ಅತೃಪ್ತವಾಗಿಯೇ ಉಳಿಯುತ್ತದೆ. ಈ ಸ್ಥಿತಿಗೆ ವಿಜ್ಞಾನಿಗಳು ಕೊಟ್ಟ ಹೆಸರನ್ನು ಕನ್ನಡದಲ್ಲಿ ಕೆಲವರು ‘ಹತಾಶೆ’ ಎಂದು ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಾಗಿಲ್ಲ. ಹತಾಶೆ ಮನಸ್ಸಿನ ಸಂಗತಿ, ಆಸೆ ಬಿಟ್ಟವನ ಸ್ಥಿತಿ. ಇಲ್ಲಿ ಯಾರೂ ಆಸೆ ಬಿಟ್ಟಿಲ್ಲ, ಎಲ್ಲರ ಆಸೆಗೂ ಸಾಕಾಗುವಷ್ಟು ಜಾಗ ಇಲ್ಲ, ಅಷ್ಟೆ. ಆದ್ದರಿಂದ ನಾನು ತರಗತಿಯಲ್ಲಿ ಇದನ್ನು ಇಕ್ಕಟ್ಟು ಎಂದೇ ಕರೆಯುತ್ತೇನೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಇಕ್ಕಟ್ಟಿನ ಪರಿಣಾಮ ಎಷ್ಟು ಆಳವಾದದ್ದು ಎಂಬುದು ಎಣಿಕೆಗೆ ಇಳಿದಾಗ ತಿಳಿಯುತ್ತದೆ. ಮೇಲೆ ಅಥವಾ ಕೆಳಗೆ ಮಾತ್ರ ತಿರುಗಬಲ್ಲ ಮೂರು ಬಾಣಗಳಿಗೆ ಒಟ್ಟು ಎಂಟು ಜೋಡಣೆಗಳಿವೆ. ಮೂರೂ ಒಂದೇ ಕಡೆ ನಿಂತ ಎರಡನ್ನು ಬಿಟ್ಟರೆ ಉಳಿದ ಆರಕ್ಕೂ ಒಂದೇ ಶಕ್ತಿ. ಅತಿ ಕಡಿಮೆ ಶಕ್ತಿಯ ಸ್ಥಿತಿ ಒಂದಲ್ಲ, ಆರು. ಇಂಥ ತ್ರಿಕೋನಗಳು ಕೋಟಿಗಟ್ಟಲೆ ಸೇರಿ ಜಾಲಕವಾದಾಗ ಸರಿಸಮಾನವಾದ ಸ್ಥಿತಿಗಳ ಸಂಖ್ಯೆ ಊಹೆಗೆ ಮೀರಿ ಬೆಳೆಯುತ್ತದೆ. 1950ರಲ್ಲಿ ಗ್ರೆಗರಿ ವಾನಿಯರ್ ತ್ರಿಕೋನ ಜಾಲಕಕ್ಕೆ ಈ ಲೆಕ್ಕವನ್ನು ನಿಖರವಾಗಿ ಮಾಡಿ, ಪರಮಶೂನ್ಯ ತಾಪದಲ್ಲಿಯೂ ಪ್ರತಿ ಬಾಣಕ್ಕೆ ಬೋಲ್ಟ್ಸ್‌ಮನ್ ಸ್ಥಿರಾಂಕದ 0.323ರಷ್ಟು ಎಂಟ್ರೊಪಿ, ಅಂದರೆ ಅನಿಶ್ಚಯದ ಅಳತೆ, ಉಳಿಯುತ್ತದೆ ಎಂದು ತೋರಿಸಿದರು. ಯಾರ ಹಂಗೂ ಇಲ್ಲದೆ ಮನಬಂದಂತೆ ತಿರುಗುವ ಬಾಣಕ್ಕೆ ಈ ಬೆಲೆ 0.693. ಅಂದರೆ ಎಷ್ಟೇ ತಣ್ಣಗಾಗಿಸಿದರೂ ಈ ವ್ಯವಸ್ಥೆ ತನ್ನ ಅನಿಶ್ಚಯದ ಸುಮಾರು ಅರ್ಧವನ್ನು ಬಿಟ್ಟುಕೊಡುವುದಿಲ್ಲ. ತಣಿದಂತೆ ಎಲ್ಲವೂ ಒಂದು ಕ್ರಮಕ್ಕೆ ಬರುತ್ತದೆ ಎಂದು ಪಾಠ ಹೇಳುವ ನಮಗೆ ಇದು ಮೊದಲ ಸಲ ಓದಿದಾಗ ನಂಬಲಾಗದ ಮಾತು.

ನಿಜವಾದ ಬಾಣಗಳು ಬಹುತೇಕ ಹರಳುಗಳಲ್ಲಿ ಮೇಲೆಕೆಳಗೆ ಮಾತ್ರವಲ್ಲ, ಯಾವ ದಿಕ್ಕಿಗಾದರೂ ತಿರುಗಬಲ್ಲವು. ಆಗ ಇಕ್ಕಟ್ಟಿಗೆ ಒಂದು ರಾಜಿ ಸಿಗುತ್ತದೆ. ಮೂರು ಬಾಣಗಳೂ ಒಂದಕ್ಕೊಂದು 120 ಡಿಗ್ರಿ ಕೋನದಲ್ಲಿ ನಿಂತರೆ ಮೂರರ ಮೊತ್ತ ಸೊನ್ನೆಯಾಗುತ್ತದೆ, ಯಾವ ಜೋಡಿಯೂ ಪೂರ್ತಿ ತೃಪ್ತವಲ್ಲ, ಯಾವುದೂ ಪೂರ್ತಿ ವಂಚಿತವಲ್ಲ. ಇಲ್ಲಿ ಮತ್ತೆ ಮೇದಾರರ ಬುಟ್ಟಿಯನ್ನು ಕೈಗೆತ್ತಿಕೊಂಡು ಒಂದು ಪುಟ್ಟ ತ್ರಿಕೋನವನ್ನು ಗಮನಿಸಬೇಕು. ಅದನ್ನು ಕಟ್ಟಿರುವ ಮೂರು ದಬ್ಬೆಗಳಲ್ಲಿ ಮೊದಲನೆಯದು ಎರಡನೆಯದರ ಮೇಲೆ ಹಾದಿರುತ್ತದೆ, ಎರಡನೆಯದು ಮೂರನೆಯದರ ಮೇಲೆ, ಮೂರನೆಯದು ಮತ್ತೆ ಮೊದಲನೆಯದರ ಮೇಲೆ. ಯಾವ ದಬ್ಬೆಯೂ ಎಲ್ಲಕ್ಕಿಂತ ಮೇಲಲ್ಲ, ಯಾವುದೂ ಎಲ್ಲಕ್ಕಿಂತ ಕೆಳಗಲ್ಲ. ಈ ಸುತ್ತುಹಿಡಿತದಿಂದಲೇ ಬುಟ್ಟಿ ಹುರಿಯಿಲ್ಲದೆ, ಮೊಳೆಯಿಲ್ಲದೆ ಗಟ್ಟಿಯಾಗಿ ನಿಲ್ಲುತ್ತದೆ. ಸುತ್ತುವ ಈ ಕ್ರಮದಲ್ಲಿ ಎಡಬಲದ ಭೇದವೂ ಇದೆ: ಎಡಕ್ಕೆ ಸುತ್ತುವಂತೆ ಹೆಣೆಯಬಹುದು, ಬಲಕ್ಕೆ ಸುತ್ತುವಂತೆಯೂ ಹೆಣೆಯಬಹುದು, ಒಂದು ಇನ್ನೊಂದರ ಕನ್ನಡಿಬಿಂಬ. 120 ಡಿಗ್ರಿಯ ಕಾಂತಕ್ರಮದಲ್ಲಿಯೂ ಇದೇ ಎಡಬಲದ ಭೇದ ಹುಟ್ಟುತ್ತದೆ, ಮತ್ತು ಮುಂದೆ ನೋಡಲಿರುವಂತೆ ಅದು ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ.

1973ರಲ್ಲಿ ಫಿಲಿಪ್ ಆ್ಯಂಡರ್ಸನ್ ಇನ್ನೂ ದಿಟ್ಟವಾದ ಒಂದು ಸಾಧ್ಯತೆಯನ್ನು ಮುಂದಿಟ್ಟರು. ಅತಿ ಸಣ್ಣ ಸ್ಪಿನ್ ಇರುವ ಪರಮಾಣುಗಳನ್ನು ಬಾಣವೆಂದು ಎಣಿಸುವುದೇ ಒಂದು ಒರಟು ಅಂದಾಜು. ಕ್ವಾಂಟಮ್ ನಿಯಮಗಳ ಪ್ರಕಾರ ಎರಡು ಸ್ಪಿನ್ನುಗಳು ಒಂದಾಗಿ ಬೆಸೆದು, ಯಾವುದಕ್ಕೂ ಪ್ರತ್ಯೇಕ ದಿಕ್ಕೇ ಇಲ್ಲದ ಜೋಡಿಯಾಗಬಹುದು. ಎದುರುಬದುರು ನಿಂತ ಎರಡು ಸಾಮಾನ್ಯ ಬಾಣಗಳು ಉಳಿಸುವ ಶಕ್ತಿಯ ಮೂರರಷ್ಟನ್ನು ಇಂಥ ಜೋಡಿ ಉಳಿಸುತ್ತದೆ. ಆದರೆ ಜೋಡಿಯಾದವನಿಗೆ ಬೇರೆ ನೆರೆಯವರೊಂದಿಗೆ ಲೇವಾದೇವಿ ಇರುವುದಿಲ್ಲ. ಚೌಕದ ಜಾಲಕದಲ್ಲಿ ನಾಲ್ವರೊಂದಿಗೂ ಹೊಂದಿಕೊಂಡಿರುವುದೇ ಲಾಭವಾದ್ದರಿಂದ ಜೋಡಿಗಳು ಸೋಲುತ್ತವೆ. ತ್ರಿಕೋನಗಳ ಇಕ್ಕಟ್ಟಿನಲ್ಲಿ ಎಲ್ಲರೊಂದಿಗೂ ಹೊಂದಿಕೊಳ್ಳುವುದು ಹೇಗೂ ಆಗದ ಕೆಲಸ, ಹಾಗಾಗಿ ಜೋಡಿಗಳಿಗೆ ಅವಕಾಶ ತೆರೆಯುತ್ತದೆ. ಯಾರು ಯಾರ ಜೋಡಿ ಎಂಬುದು ಕೂಡ ಒಂದೇ ಕಡೆ ನಿಲ್ಲದೆ, ಸಾಧ್ಯವಿರುವ ಎಲ್ಲ ಜೋಡಣೆಗಳೂ ಏಕಕಾಲಕ್ಕೆ ಬೆರೆತಿರುವ ಸ್ಥಿತಿಯನ್ನು ಆ್ಯಂಡರ್ಸನ್ ಕಲ್ಪಿಸಿದರು. ಇಂದು ಇದನ್ನು ಸ್ಪಿನ್ ದ್ರವ ಎನ್ನುತ್ತಾರೆ. ಹರಳು ಗಟ್ಟಿಯಾಗಿಯೇ ಇರುತ್ತದೆ. ಅದರೊಳಗಿನ ಸ್ಪಿನ್ನುಗಳು ಮಾತ್ರ ಹೆಪ್ಪುಗಟ್ಟುವುದಿಲ್ಲ.

ಆ್ಯಂಡರ್ಸನ್ ಆರಿಸಿಕೊಂಡಿದ್ದ ಸರಳ ತ್ರಿಕೋನ ಜಾಲಕದಲ್ಲಿ ಈ ಕನಸು ನೆರವೇರಲಿಲ್ಲ. ಅಲ್ಲಿ 120 ಡಿಗ್ರಿಯ ಕ್ರಮ ಅರ್ಧಕ್ಕಿಂತ ಹೆಚ್ಚು ಸವೆದುಹೋದರೂ ಉಳಿದುಕೊಳ್ಳುತ್ತದೆ ಎಂದು ಮುಂದಿನ ಲೆಕ್ಕಗಳು ತೋರಿಸಿದವು. ಏಕೆ ಉಳಿಯುತ್ತದೆ ಎಂಬುದೇ ಈ ವಿಷಯದ ತಿರುಳು, ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸರಳ ತ್ರಿಕೋನ ಜಾಲಕದಲ್ಲಿ ಪಕ್ಕಪಕ್ಕದ ತ್ರಿಕೋನಗಳು ಒಂದು ಇಡೀ ಅಂಚನ್ನು ಹಂಚಿಕೊಂಡಿರುತ್ತವೆ, ಹಳೆಯ ಊರುಗಳಲ್ಲಿ ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ ಇರುವ ಹಾಗೆ. ಒಂದು ತ್ರಿಕೋನದಲ್ಲಿ ಮೂರು ಬಾಣಗಳ ದಿಕ್ಕು ತೀರ್ಮಾನವಾಯಿತೆಂದರೆ ಅದರ ನೆರೆಯ ತ್ರಿಕೋನದಲ್ಲಿ ಎರಡು ಬಾಣಗಳು ಆಗಲೇ ನಿಶ್ಚಿತವಾಗಿರುತ್ತವೆ. ಮೊತ್ತ ಸೊನ್ನೆಯಾಗಬೇಕಾದರೆ ಮೂರನೆಯದಕ್ಕೆ ಒಂದೇ ಒಂದು ದಿಕ್ಕು ಉಳಿಯುತ್ತದೆ. ಹೀಗೆ ಒಂದು ಮನೆಯ ತೀರ್ಮಾನ ಗೋಡೆಯಿಂದ ಗೋಡೆಗೆ ದಾಟುತ್ತ ಇಡೀ ಊರನ್ನು ಆಳುತ್ತದೆ.

ಬುಟ್ಟಿಯ ಹೆಣಿಗೆಯಲ್ಲಿ ಹಾಗಲ್ಲ. ಅಲ್ಲಿ ಎರಡು ತ್ರಿಕೋನಗಳು ಒಂದೇ ಒಂದು ಮೂಲೆಯಲ್ಲಿ ತಾಗುತ್ತವೆ. ಒಂದು ತ್ರಿಕೋನ ತನ್ನ ಮೂರು ಬಾಣಗಳನ್ನು ನಿಶ್ಚಯಿಸಿಕೊಂಡರೂ ನೆರೆಯ ತ್ರಿಕೋನಕ್ಕೆ ತಲುಪುವುದು ಒಂದೇ ಬಾಣದ ಸುದ್ದಿ. ಉಳಿದ ಎರಡು ಬಾಣಗಳು ಆ ಹಂಚಿಕೊಂಡ ಬಾಣವನ್ನು ಅಚ್ಚಾಗಿ ಮಾಡಿಕೊಂಡು ತಮಗೆ ಬೇಕಾದಂತೆ ಸುತ್ತಬಹುದು, ಆದರೂ ಮೊತ್ತ ಸೊನ್ನೆಯಾಗಿಯೇ ಇರುತ್ತದೆ. ತೀರ್ಮಾನ ಮೂಲೆಯಿಂದಾಚೆ ದಾಟುವುದಿಲ್ಲ. ಊರು ಒಂದು ಮಾತಿಗೆ ಬರುವುದಿಲ್ಲ. ಈ ಜಾಲಕವನ್ನು ಮೊದಲು ಆಳವಾಗಿ ಅಭ್ಯಾಸ ಮಾಡಿದವರು ಜಪಾನಿನ ಇತಿರೋ ಸ್ಯೋಜಿ, 1951ರಲ್ಲಿ. ಅವರ ನಾಡಿನಲ್ಲಿಯೂ ಇದೇ ಹೆಣಿಗೆಯ ಬಿದಿರಬುಟ್ಟಿಗಳಿರುವುದರಿಂದ ಜಾಲಕಕ್ಕೆ ‘ಕಗೋಮೆ’ ಎಂಬ ಹೆಸರು ನಿಂತಿತು. ‘ಕಗೋ’ ಎಂದರೆ ಬುಟ್ಟಿ, ‘ಮೆ’ ಎಂದರೆ ಕಣ್ಣು. ಬುಟ್ಟಿಗಣ್ಣು ಎಂದು ಕನ್ನಡದಲ್ಲಿ ಹೇಳಿದರೆ ನಮ್ಮ ಸಂತೆಯ ಯಾವ ಮೇದಾರನಿಗೂ ಅರ್ಥವಾಗುವ ಹೆಸರು ಜಗತ್ತಿನ ಎಲ್ಲ ಭೌತಶಾಸ್ತ್ರ ಪತ್ರಿಕೆಗಳಲ್ಲಿ ಓಡಾಡುತ್ತಿದೆ ಎಂಬುದು ನನಗೆ ಸಂತೋಷದ ಸಂಗತಿ.

ಕಾಗದದ ಮೇಲಿನ ಈ ಜಾಲಕ ನಿಸರ್ಗದಲ್ಲಿ ಎಲ್ಲಿದೆ? ಬಹುಮಟ್ಟಿಗೆ ಶುದ್ಧ ರೂಪದಲ್ಲಿ ಅದು ಸಿಕ್ಕಿದ್ದು ಹರ್ಬರ್ಟ್‌ಸ್ಮಿಥೈಟ್ ಎಂಬ ಹಸಿರು ಖನಿಜದಲ್ಲಿ. ತಾಮ್ರ, ಸತು, ಕ್ಲೋರಿನ್ ಮತ್ತು ಹೈಡ್ರಾಕ್ಸೈಡ್ ಸೇರಿದ ಈ ಹರಳಿನಲ್ಲಿ ತಾಮ್ರದ ಅಯಾನುಗಳು ಬುಟ್ಟಿಗಣ್ಣಿನ ಪದರುಗಳಲ್ಲಿ ಕೂತಿವೆ, ಪದರುಗಳ ನಡುವೆ ಕಾಂತಗುಣವಿಲ್ಲದ ಸತುವಿದೆ. ತಾಮ್ರ, ಆಮ್ಲಜನಕ, ತಾಮ್ರ ಮಾಡುವ ಕೋನ ಸುಮಾರು 119 ಡಿಗ್ರಿ, ಅಂದರೆ ಎದುರುಬದುರು ನಿಲ್ಲುವ ಒಲವು ಬಲವಾಗಿಯೇ ಇದೆ. ಆ ಒಲವಿನ ಬಲ ತಾಪದ ಲೆಕ್ಕದಲ್ಲಿ 200 ಕೆಲ್ವಿನ್‌ಗೆ ಸಮೀಪ. ಚೌಕದ ಜಾಲಕಗಳ ಅನುಭವದಿಂದ ನೋಡಿದರೆ ಇಂಥ ಹರಳು ತಣಿಯುತ್ತ ಬಂದಂತೆ ಅಷ್ಟರ ಸುತ್ತಮುತ್ತಲೇ ಕ್ರಮಕ್ಕೆ ಬರಬೇಕಾಗಿತ್ತು. 2005ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇದರ ಶುದ್ಧ ಮಾದರಿಯನ್ನು ತಯಾರಿಸಿದ ಮೇಲೆ 0.05 ಕೆಲ್ವಿನ್‌ವರೆಗೆ ತಣಿಸಿ ನೋಡಿದರು. ಕ್ರಮದ ಸುಳಿವೇ ಇಲ್ಲ. ಬಯಕೆಯ ಬಲಕ್ಕೂ ಕ್ರಮ ಮೂಡುವ ತಾಪಕ್ಕೂ ಇರುವ ಅನುಪಾತ ಹತ್ತನ್ನು ಮೀರಿದರೆ ಇಕ್ಕಟ್ಟು ತೀವ್ರವಾದದ್ದು ಎಂದು ಆರ್ಥರ್ ರಾಮಿರೆಜ್ 1994ರಲ್ಲಿ ಒಂದು ಅಳತೆಗೋಲು ಕೊಟ್ಟಿದ್ದರು. ಇಲ್ಲಿ ಆ ಅನುಪಾತ ಸಾವಿರಗಳ ಲೆಕ್ಕಕ್ಕೆ ಹೋಗುತ್ತದೆ.

2012ರಲ್ಲಿ ಇದರ ಒಂಟಿ ಹರಳುಗಳ ಮೇಲೆ ನ್ಯೂಟ್ರಾನ್ ಹಾಯಿಸಿದಾಗ, ಕ್ರಮಬದ್ಧ ಕಾಂತಗಳು ಕೊಡುವ ಚೂಪಾದ ಚುಕ್ಕೆಗಳ ಬದಲು ಎಲ್ಲೆಡೆ ಹರಡಿದ ಮಬ್ಬು ಬೆಳಕಿನಂಥ ವಿನ್ಯಾಸ ಕಂಡಿತು. ಸಾಮಾನ್ಯ ಕಾಂತದಲ್ಲಿ ನ್ಯೂಟ್ರಾನ್ ತಾಗಿದಾಗ ಒಂದು ಅಲೆ ಏಳುತ್ತದೆ. ಸ್ಪಿನ್ ದ್ರವದಲ್ಲಿ ಆ ಏಟು ಎರಡು ಅರ್ಧಗಳಾಗಿ ಒಡೆದು ಬೇರೆಬೇರೆ ದಾರಿ ಹಿಡಿಯುತ್ತದೆ ಎಂಬ ಸಿದ್ಧಾಂತಕ್ಕೆ ಈ ಮಬ್ಬು ಚೆನ್ನಾಗಿ ಹೊಂದುತ್ತದೆ. ಆದರೂ ಮಾತನ್ನು ಮುಗಿಸುವಂತಿಲ್ಲ. ತಾಮ್ರ ಮತ್ತು ಸತುವಿನ ಅಯಾನುಗಳ ಗಾತ್ರ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಸತು ಇರಬೇಕಾದ ಕೆಲವು ಜಾಗಗಳಲ್ಲಿ ತಾಮ್ರ ಹೊಕ್ಕು ಕೂರುತ್ತದೆ, ಮತ್ತು ಕಡಿಮೆ ತಾಪದಲ್ಲಿ ಕಾಣುವ ಗುಣಗಳಲ್ಲಿ ಬುಟ್ಟಿಗಣ್ಣಿನ ಪದರಿನದೆಷ್ಟು, ಈ ದಾರಿತಪ್ಪಿದ ತಾಮ್ರದ್ದೆಷ್ಟು ಎಂದು ಬಿಡಿಸುವುದು ಇಂದಿಗೂ ಕಷ್ಟವಾಗಿದೆ. ಒಂದು ದಬ್ಬೆ ತಪ್ಪಿ ಸೇರಿದ ಬುಟ್ಟಿಯನ್ನು ಬಿಚ್ಚಿ ಮತ್ತೆ ಹೆಣೆಯಬಹುದು, ಹರಳನ್ನು ಹಾಗೆ ಬಿಚ್ಚಲಾಗದು.

ಇಕ್ಕಟ್ಟು ಯಾವಾಗಲೂ ಗೊಂದಲವನ್ನೇ ತರುತ್ತದೆ ಎಂದೇನೂ ಇಲ್ಲ. 1981ರಲ್ಲಿ ನಮ್ಮ ದೇಶದ ಭೌತಶಾಸ್ತ್ರಜ್ಞ ಶ್ರೀರಾಮ ಶಾಸ್ತ್ರಿ ಮತ್ತು ಬಿಲ್ ಸದರ್ಲೆಂಡ್ ಚೌಕದ ಜಾಲಕದಲ್ಲಿ ಕೆಲವು ಕರ್ಣಬಂಧಗಳನ್ನು ಒಂದಕ್ಕೊಂದು ಲಂಬವಾಗುವಂತೆ ಸೇರಿಸಿ, ಕರ್ಣಬಂಧ ಸಾಕಷ್ಟು ಬಲವಾಗಿದ್ದರೆ ಪ್ರತಿ ಕರ್ಣದ ಮೇಲೂ ಒಂದೊಂದು ಜೋಡಿ ನೆಲೆಗೊಳ್ಳುವುದೇ ನಿಖರವಾದ ಉತ್ತರ ಎಂದು ಸಾಧಿಸಿದರು. ಜೋಡಿಗಳ ನಡುವಿನ ಇಕ್ಕಟ್ಟು ಪರಸ್ಪರ ರದ್ದಾಗಿ, ಅವು ಒಂದನ್ನೊಂದು ಗಮನಿಸದೆ ಇದ್ದುಬಿಡುತ್ತವೆ. ಗಣಿತದ ಚೆಲುವಿಗಾಗಿ ಕಟ್ಟಿದ ಈ ಮಾದರಿಯ ಜಾಲಕವೇ ಸ್ಟ್ರಾಂಷಿಯಂ, ತಾಮ್ರ ಮತ್ತು ಬೋರೇಟ್ ಸೇರಿದ ಒಂದು ಹರಳಿನಲ್ಲಿ ಅಡಗಿದೆ ಎಂಬುದು 1999ರಲ್ಲಿ ಜಪಾನಿನ ಪ್ರಯೋಗಗಳಿಂದ ಬೆಳಕಿಗೆ ಬಂತು. ಅದನ್ನು ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟರೆ ಅದರ ಕಾಂತತ್ವ ಒಂದೇ ಸಮನೆ ಏರದೆ, ಗರಿಷ್ಠದ ಎಂಟನೆಯ ಒಂದು, ನಾಲ್ಕನೆಯ ಒಂದು, ಮೂರನೆಯ ಒಂದು ಭಾಗಗಳಲ್ಲಿ ಮೆಟ್ಟಿಲು ಹತ್ತಿದಂತೆ ನಿಂತುನಿಂತು ಏರುತ್ತದೆ.

ಬಟ್ಟೆಯಂಥ ಪದರುಗಳಿಂದ ಮೂರು ಆಯಾಮಕ್ಕೆ ಬಂದರೆ ತ್ರಿಕೋನದ ಜಾಗವನ್ನು ನಾಲ್ಕು ಮುಖಗಳ ಚತುರ್ಮುಖಿ ತೆಗೆದುಕೊಳ್ಳುತ್ತದೆ. ನಾಗರಪಂಚಮಿಯ ದಿನ ತಟ್ಟೆಯಲ್ಲಿ ಮೂರು ಶೇಂಗಾ ಉಂಡಿಗಳನ್ನು ಒತ್ತಿಟ್ಟು ಅವುಗಳ ನಡುವಿನ ಕುಳಿಯ ಮೇಲೆ ನಾಲ್ಕನೆಯದನ್ನು ಇಟ್ಟರೆ ನಾಲ್ಕು ಉಂಡಿಗಳ ನಟ್ಟನಡುಗಳು ಆ ಆಕೃತಿಯ ನಾಲ್ಕು ಮೂಲೆಗಳಾಗುತ್ತವೆ. ಇಂಥ ಚತುರ್ಮುಖಿಗಳು ಮೂಲೆಗೆ ಮೂಲೆ ತಾಗಿ ಹಬ್ಬಿದ ಜಾಲಕಕ್ಕೆ ಪೈರೊಕ್ಲೋರ್ ಎಂದು ಹೆಸರು. ಡಿಸ್ಪ್ರೋಸಿಯಂ ಟೈಟನೇಟ್ ಮತ್ತು ಹೋಲ್ಮಿಯಂ ಟೈಟನೇಟ್ ಎಂಬ ಹರಳುಗಳಲ್ಲಿ ಕಾಂತ ಅಯಾನುಗಳು ಹೀಗೆ ಕೂತಿವೆ, ಮತ್ತು ಸುತ್ತಲಿನ ಆಮ್ಲಜನಕಗಳ ಒತ್ತಡದಿಂದ ಪ್ರತಿ ಬಾಣವೂ ಚತುರ್ಮುಖಿಯ ನಡುವಿನತ್ತ ಒಳಮುಖವಾಗಿ ಇಲ್ಲವೆ ನೇರ ಹೊರಮುಖವಾಗಿ ಮಾತ್ರ ನಿಲ್ಲಬಲ್ಲದು. ಇಲ್ಲಿನ ಬಾಣಗಳ ಒಲವು ಫೆರೋಕಾಂತದ್ದು, ಅಂದರೆ ಒಂದೇ ದಿಕ್ಕಿಗೆ ನಿಲ್ಲುವ ಬಗೆಯದು. ಚೌಕದಲ್ಲಿ ಯಾವ ತೊಡಕನ್ನೂ ತರದ ಆ ಸ್ನೇಹವೇ ಇಲ್ಲಿ ಇಕ್ಕಟ್ಟಾಗುತ್ತದೆ, ಏಕೆಂದರೆ ನಾಲ್ಕು ಬೇರೆಬೇರೆ ಅಕ್ಷಗಳಿಗೆ ಕಟ್ಟಿಹಾಕಿದ ಬಾಣಗಳು ಒಂದೇ ದಿಕ್ಕಿಗೆ ಹೇಗೆ ತಿರುಗಿಯಾವು? ಸಾಧ್ಯವಿರುವ ಅತ್ಯುತ್ತಮ ರಾಜಿ ಎಂದರೆ ಎರಡು ಒಳಗೆ, ಎರಡು ಹೊರಗೆ. ಹದಿನಾರು ಜೋಡಣೆಗಳಲ್ಲಿ ಆರು ಈ ನಿಯಮವನ್ನು ಪಾಲಿಸುತ್ತವೆ.

ಇದೇ ಲೆಕ್ಕ ನೀರ್ಗಲ್ಲಿನಲ್ಲಿಯೂ ಇದೆ. ಮಂಜುಗಡ್ಡೆಯೊಳಗೆ ಪ್ರತಿ ಆಮ್ಲಜನಕದ ಸುತ್ತ ನಾಲ್ಕು ಹೈಡ್ರೋಜನ್‌ಗಳಿದ್ದು ಎರಡು ಹತ್ತಿರ, ಎರಡು ದೂರ ಇರುತ್ತವೆ; ಯಾವ ಎರಡು ಎಂಬ ಆಯ್ಕೆಯಿಂದ ಉಳಿಯುವ ಎಂಟ್ರೊಪಿಯನ್ನು ಲೈನಸ್ ಪೌಲಿಂಗ್ 1935ರಲ್ಲಿಯೇ ಲೆಕ್ಕ ಹಾಕಿದ್ದರು. ಹೋಲ್ಮಿಯಂ ಟೈಟನೇಟಿನಲ್ಲಿ ಈ ಹೋಲಿಕೆ 1997ರಲ್ಲಿ ಗುರುತಾಯಿತು. 1999ರಲ್ಲಿ ರಾಮಿರೆಜ್ ಮತ್ತು ಸಂಗಡಿಗರು ಡಿಸ್ಪ್ರೋಸಿಯಂ ಟೈಟನೇಟನ್ನು ತಣಿಸಿ ಅಳೆದಾಗ ಉಳಿದ ಎಂಟ್ರೊಪಿ ಪೌಲಿಂಗರ ಬೆಲೆಗೆ ಸರಿಹೊಂದಿತು. ಈ ಹರಳುಗಳಿಗೆ ಸ್ಪಿನ್ ಮಂಜುಗಡ್ಡೆ ಎಂಬ ಹೆಸರು ಬಂದದ್ದು ಹೀಗೆ. ಒಂದು ಬಾಣವನ್ನು ತಿರುಗಿಸಿದರೆ ಒಂದು ಚತುರ್ಮುಖಿಯಲ್ಲಿ ಮೂರು ಒಳಗೆ ಒಂದು ಹೊರಗೆ, ಪಕ್ಕದ್ದರಲ್ಲಿ ಒಂದು ಒಳಗೆ ಮೂರು ಹೊರಗೆ ಎಂದಾಗುತ್ತದೆ. ಮುಂದಿನ ಬಾಣಗಳನ್ನು ಸರದಿಯಂತೆ ತಿರುಗಿಸುತ್ತ ಹೋದರೆ ಈ ಎರಡು ದೋಷಗಳು ಒಂದರಿಂದೊಂದು ದೂರ ಸರಿಯುತ್ತವೆ, ಮತ್ತು ಅವು ಬಿಡಿ ಉತ್ತರಧ್ರುವ, ಬಿಡಿ ದಕ್ಷಿಣಧ್ರುವಗಳ ಹಾಗೆ ದೂರದ ವರ್ಗದ ವಿಲೋಮದಲ್ಲಿ ಪರಸ್ಪರ ಸೆಳೆಯುತ್ತವೆ. 2008ರಲ್ಲಿ ಕಾಸ್ಟೆಲ್‌ನೋವೊ, ಮೋಸ್ನರ್ ಮತ್ತು ಸೋಂಧಿ ಇದನ್ನು ತೋರಿಸಿದರು. ಮರುವರ್ಷವೇ ನ್ಯೂಟ್ರಾನ್ ಪ್ರಯೋಗಗಳು ಬೆಂಬಲ ಕೊಟ್ಟವು. ಅಯಸ್ಕಾಂತವನ್ನು ಎಷ್ಟು ತುಂಡು ಮಾಡಿದರೂ ಎರಡು ಧ್ರುವಗಳು ಬಿಡಿಯಾಗುವುದಿಲ್ಲ ಎಂಬ ಶಾಲೆಯ ಪಾಠ ಇದರಿಂದ ಸುಳ್ಳಾಗಲಿಲ್ಲ. ಇವು ಹರಳಿನ ಒಳಗೆ ಮಾತ್ರ ಬದುಕುವ ಧ್ರುವಗಳು, ಹೊರಗೆ ತೆಗೆದು ಅಂಗೈಯಲ್ಲಿ ಹಿಡಿಯಲಾಗದು.

ಜೇನುಗೂಡಿನ ಜಾಲಕವನ್ನು ಒಂದೆರಡು ಮಾತಿನಲ್ಲಿ ದಾಟುತ್ತೇನೆ. ಅಲ್ಲಿ ಆರು ಹೆಜ್ಜೆಯ ಸುತ್ತುಗಳೇ ಇರುವುದರಿಂದ ಆಕೃತಿಯಿಂದ ನೇರವಾಗಿ ಇಕ್ಕಟ್ಟು ಹುಟ್ಟುವುದಿಲ್ಲ. ಪ್ರತಿ ಪರಮಾಣುವಿನ ಮೂರು ಬಂಧಗಳು ಮೂರು ಬೇರೆಬೇರೆ ದಿಕ್ಕುಗಳನ್ನು ಒತ್ತಾಯಿಸಿದರೆ ಮಾತ್ರ ಹುಟ್ಟುತ್ತದೆ ಎಂದು ಅಲೆಕ್ಸೈ ಕಿಟಾಯೆವ್ 2006ರಲ್ಲಿ ತೋರಿಸಿ, ಅದರ ನಿಖರ ಉತ್ತರವೂ ಸ್ಪಿನ್ ದ್ರವವೇ ಎಂದು ಸಾಧಿಸಿದರು. ಈ ಮಾದರಿಗೆ ಹತ್ತಿರವಿರುವ ರುಥೇನಿಯಂ ಕ್ಲೋರೈಡ್ ಸುಮಾರು 7 ಕೆಲ್ವಿನ್‌ನಲ್ಲಿ ಅಂಕುಡೊಂಕಾದ ಒಂದು ಕ್ರಮಕ್ಕೆ ಜಾರಿಬಿಡುತ್ತದೆ.

ಹೆಚ್ಚಿನ ಗಮನಕ್ಕೆ ಅರ್ಹವಾದದ್ದು ಮೂರು ಮ್ಯಾಂಗನೀಸಿಗೆ ಒಂದು ತವರ ಸೇರಿದ ಲೋಹ. ಇದರಲ್ಲಿಯೂ ಮ್ಯಾಂಗನೀಸ್ ಬುಟ್ಟಿಗಣ್ಣಿನ ಪದರುಗಳಲ್ಲಿದೆ, ಆದರೆ ಸ್ಪಿನ್ ದೊಡ್ಡದು, ಪದರುಗಳ ನಡುವಿನ ನಂಟೂ ಬಲವಾದದ್ದು. ಹಾಗಾಗಿ ಸುಮಾರು 420 ಕೆಲ್ವಿನ್‌ನಲ್ಲಿಯೇ ಬಾಣಗಳು 120 ಡಿಗ್ರಿಯ ಕ್ರಮಕ್ಕೆ ಬರುತ್ತವೆ. ಮೂರು ಬಾಣಗಳು ಬಹುತೇಕ ಪೂರ್ತಿ ರದ್ದಾಗಿ, ಉಳಿಯುವ ಕಾಂತತ್ವ ಒಂದು ಬಾಣದ ಸಾವಿರದ ಒಂದು ಭಾಗದಷ್ಟು. ಹೀಗಿದ್ದೂ ಇದರೊಳಗೆ ವಿದ್ಯುತ್ ಹರಿಸಿದರೆ ಅದು ಬಲವಾದ ಫೆರೋಕಾಂತದಲ್ಲಿ ಬಾಗುವಂತೆ ಪಕ್ಕಕ್ಕೆ ಬಾಗುತ್ತದೆ ಎಂದು 2015ರಲ್ಲಿ ಟೋಕಿಯೊದ ನಕತ್ಸುಜಿ ಮತ್ತು ಸಂಗಡಿಗರು ತೋರಿಸಿದರು. ಎಲೆಕ್ಟ್ರಾನುಗಳನ್ನು ಬಾಗಿಸಿದ್ದು ಕಾಂತತ್ವದ ಮೊತ್ತವಲ್ಲ, ಬಾಣಗಳ ಸುತ್ತುವ ವಿನ್ಯಾಸ. ಬುಟ್ಟಿಯ ಎಡಬಲದ ಭೇದ ಬರಿಯ ಅಲಂಕಾರವಲ್ಲ ಎಂದು ಹಿಂದೆ ಹೇಳಿದ್ದು ಇದಕ್ಕಾಗಿಯೇ.

ಈ ದಾರಿಯಲ್ಲಿ ಇತ್ತೀಚಿನ ಹೆಜ್ಜೆ ಆಲ್ಟರ್‌ಮ್ಯಾಗ್ನೆಟ್. ಅದನ್ನು ವಿವರಿಸಲು ವಿಜಯಪುರದ ಗೋಲಗುಮ್ಮಟದ ಒಳಗೆ ನಿಂತು ತಲೆ ಎತ್ತಬೇಕು. ಚೌಕದ ಆ ದೊಡ್ಡ ಕೋಣೆಯ ಮೇಲೆ ದುಂಡನೆಯ ಗುಮ್ಮಟವನ್ನು ಕೂರಿಸಲು ಶಿಲ್ಪಿಗಳು ಒಂದು ಚೌಕದ ಮೇಲೆ 45 ಡಿಗ್ರಿ ತಿರುಗಿಸಿದ ಇನ್ನೊಂದು ಚೌಕವನ್ನು ಕಲ್ಪಿಸಿ, ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸುವಂತೆ ಕಟ್ಟಿದ್ದಾರೆ. ಎರಡು ಚೌಕಗಳೂ ಒಂದೇ ಅಳತೆಯವು. ಒಂದನ್ನು ಪಕ್ಕಕ್ಕೆ ಸರಿಸಿದರೆ ಇನ್ನೊಂದು ಆಗುವುದಿಲ್ಲ. ತಿರುಗಿಸಿದರೆ ಮಾತ್ರ ಆಗುತ್ತದೆ. ಸಾಮಾನ್ಯ ಪ್ರತಿಫೆರೋಕಾಂತದಲ್ಲಿ ಮೇಲ್ಬಾಣದ ಪರಮಾಣುವನ್ನು ಒಂದು ಮನೆ ಸರಿಸಿದರೆ ಕೆಳಬಾಣದ ಪರಮಾಣುವಿನ ಜಾಗಕ್ಕೆ ಸರಿಯಾಗಿ ಕೂರುತ್ತದೆ, ಆದ್ದರಿಂದ ಮೇಲ್ಸ್ಪಿನ್ ಮತ್ತು ಕೆಳಸ್ಪಿನ್ ಎಲೆಕ್ಟ್ರಾನುಗಳಿಗೆ ಯಾವ ಭೇದವೂ ಉಳಿಯುವುದಿಲ್ಲ. ಆಲ್ಟರ್‌ಮ್ಯಾಗ್ನೆಟ್‌ನಲ್ಲಿ ಎರಡು ಬಗೆಯ ಪರಮಾಣುಗಳ ಸುತ್ತಲಿನ ಅಯಾನುಗಳ ಆವರಣ ಗುಮ್ಮಟದ ಚೌಕಗಳಂತೆ ಒಂದಕ್ಕೊಂದು ತಿರುಗಿ ನಿಂತಿರುತ್ತದೆ. ಒಟ್ಟು ಕಾಂತತ್ವ ಸೊನ್ನೆಯೇ. ಆದರೂ ಹರಳಿನಲ್ಲಿ ಒಂದು ದಿಕ್ಕಿಗೆ ಚಲಿಸುವಾಗ ಮೇಲ್ಸ್ಪಿನ್ ಎಲೆಕ್ಟ್ರಾನಿಗೆ ಶಕ್ತಿ ಕಡಿಮೆ, ತಿರುಗಿದ ದಿಕ್ಕಿಗೆ ಚಲಿಸುವಾಗ ಕೆಳಸ್ಪಿನ್ನಿನದಕ್ಕೆ ಕಡಿಮೆ ಎಂಬ ಭೇದ ಹುಟ್ಟುತ್ತದೆ. 2022ರಲ್ಲಿ ಶ್ಮೇಕಲ್, ಸಿನೋವಾ ಮತ್ತು ಯುಂಗ್‌ವಿರ್ತ್ ಈ ವರ್ಗವನ್ನು ಪ್ರತ್ಯೇಕವಾಗಿ ಗುರುತಿಸಿ ಹೆಸರಿಟ್ಟರು.

ಮೊದಲು ಎಲ್ಲರ ಕಣ್ಣೂ ಬಿದ್ದದ್ದು ರುಥೇನಿಯಂ ಆಕ್ಸೈಡಿನ ಮೇಲೆ, ಏಕೆಂದರೆ ಅದರ ಜಾಲಕ ಈ ವರ್ಣನೆಗೆ ಹೇಳಿ ಮಾಡಿಸಿದಂತಿದೆ. ಆದರೆ 2024ರಲ್ಲಿ ಮ್ಯೂವಾನ್ ಎಂಬ ಸೂಕ್ಷ್ಮ ಕಣಗಳಿಂದ ಮತ್ತು ನ್ಯೂಟ್ರಾನುಗಳಿಂದ ನಡೆಸಿದ ಪ್ರಯೋಗಗಳು ಅದರ ಪರಮಾಣುಗಳಲ್ಲಿ ಅಳೆಯುವಷ್ಟು ಬಾಣವೇ ಇಲ್ಲ ಎಂದು ಸೂಚಿಸಿ ವಾದವನ್ನು ಎಬ್ಬಿಸಿದವು. ಜಾಲಕ ಅನುಮತಿ ಕೊಡಬಲ್ಲದು, ಪರಮಾಣುವಿನಲ್ಲಿ ಇಲ್ಲದ ಸ್ಪಿನ್ನನ್ನು ಹುಟ್ಟಿಸಲಾರದು. ಅದೇ ವರ್ಷ ಮ್ಯಾಂಗನೀಸ್ ಟೆಲುರೈಡಿನಲ್ಲಿ ಮಾತ್ರ ಸ್ಪಿನ್ ಭೇದ ಪ್ರಯೋಗದಲ್ಲಿ ಸ್ಪಷ್ಟವಾಗಿ ಕಂಡಿತು. ಅದರ ಕ್ರಮ ಸುಮಾರು 307 ಕೆಲ್ವಿನ್‌ವರೆಗೆ, ಅಂದರೆ 34 ಡಿಗ್ರಿ ಸೆಲ್ಸಿಯಸ್‌ವರೆಗೆ ಉಳಿಯುತ್ತದೆ; ಬಿಸಿಲು 40 ಡಿಗ್ರಿ ಮುಟ್ಟುವ ವಿಜಯಪುರದ ಏಪ್ರಿಲ್ ಮಧ್ಯಾಹ್ನದಲ್ಲಿ ಅದನ್ನು ಗುಮ್ಮಟದ ಹೊರಗೆ ಕಟ್ಟೆಯ ಮೇಲೆ ಇಟ್ಟರೆ ಬಾಣಗಳು ಚೆದುರಿಹೋಗುತ್ತವೆ. ಕ್ರೋಮಿಯಂ ಆಂಟಿಮನೈಡ್ ಎಂಬ ಇನ್ನೊಂದು ಆಲ್ಟರ್‌ಮ್ಯಾಗ್ನೆಟ್ 700 ಕೆಲ್ವಿನ್ ದಾಟುವವರೆಗೂ ತನ್ನ ಕ್ರಮವನ್ನು ಬಿಡುವುದಿಲ್ಲ.